ಪೆಟ್ಟಿಗೆಯ ಒಳಮೈ

ಶವಪೆಟ್ಟಿಗೆಯ ಹೊರಮೈಗಿಂತ ಒಳಮೈಯನ್ನೇ ಹೆಚ್ಚು ಹೊತ್ತು ಉಜ್ಜುತ್ತಿದ್ದ ಬಡಗಿ ಅಂದರೆ ನಮ್ಮ ಚೌರಪ್ಪ ಸಾರ್ ಒಬ್ಬರೇ. ಅರೆಕೆರೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಎರಡು ಪಿಜಿ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಶೀಟಿನ ಶೆಡ್ಡು ಅವರದು. ಉಪ್ಪುಕಾಗದ ಹಿಡಿದು ಪೆಟ್ಟಿಗೆಯೊಳಗೆ ಅರ್ಧ ಮುಳುಗಿರುತ್ತಿದ್ದರು. "ಒಳಗಡೆ ಯಾರ್ ನೋಡ್ತಾರೆ ಸಾರ್?" ಎಂದರೆ ತಲೆ ಎತ್ತದೆ, "ನಮ್ಮನ್ನ ಮಾಡಿದೋರು ಒಳಗಡೇನೇ ನೋಡೋದು" ಎನ್ನುತ್ತಿದ್ದರು.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದುದರಿಂದ ಅವರು ಸಾರ್ ಆದರು. ನಾನೂ ಅಲ್ಲೇ ಕಲಿತವಳು. ಕಲಿತೆ ಅನ್ನುವುದಕ್ಕಿಂತ ಕೊಸರಾಡಿದೆ ಅನ್ನಬೇಕು. ಮೊದಲ ಪ್ರಶ್ನೆ ಯಾವತ್ತೂ ಒಂದೇ: "ದೇವರು ನಿನ್ನನ್ನ ಯಾಕೆ ಮಾಡಿದ್ರು?" ಉತ್ತರವೂ ಅವರದೇ: "ಕೆಲಸ ಇಲ್ದೆ ನಾನು ಒಂದ್ ಸ್ಟೂಲ್ ಕೂಡ ಮಾಡಲ್ಲ. ಇನ್ನು ಅವರು ಸುಮ್ನೆ ಮನುಷ್ಯನ್ನ ಮಾಡ್ತಾರಾ? ನಿಂಗೂ ಏನೋ ಇದೆ, ಹುಡುಕ್ಕೋ." ನಾನೊಮ್ಮೆ "ಸೊಳ್ಳೆಗೆ ಏನ್ ಕೆಲಸ ಸಾರ್?" ಎಂದು ಕೇಳಿ ಅರ್ಧ ಗಂಟೆ ಮೊಣಕಾಲೂರಿದ್ದೆ. ಅವರು ನಗು ನುಂಗಿಕೊಂಡದ್ದು ಮಾತ್ರ ನನಗೆ ಕಂಡಿತ್ತು.

ಮದುವೆಯಾದ ಆರು ವರ್ಷಕ್ಕೆ ನನಗೆ ಮಗಳು ಹುಟ್ಟಿದಳು. ಎರಡು ಗಂಟೆ ಬದುಕಿದಳು.

ಅಳತೆ ತೆಗೆಯಲು ಸಾರ್ ಆಸ್ಪತ್ರೆಗೆ ಬಂದರು. ಯಾರ ಮನೆಯಲ್ಲಿ ಸಾವಾದರೂ ಟೇಪು ಹಿಡಿದು ತಾವೇ ಹೋಗಿ ಅಳೆಯುವುದು ಅವರ ಪದ್ಧತಿ. ಕಣ್ಣಂದಾಜನ್ನು ನಂಬುವವರೇ ಅಲ್ಲ. ಆವತ್ತು ಟೇಪು ಜೇಬಿನಿಂದ ಹೊರಗೇ ಬರಲಿಲ್ಲ. ಮಗುವನ್ನು ನೋಡಿದರು, ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಹೊರಟುಹೋದರು. ಮರುದಿನ ಹೊಲಿಗೆ ಹಸಿಯಾಗಿದ್ದರೂ ಹಟ ಹಿಡಿದು ನಾನೂ ಸ್ಮಶಾನಕ್ಕೆ ಹೋದೆ. ಅವರು ತಂದ ಪೆಟ್ಟಿಗೆ ಮಗುವಿಗಿಂತ ಒಂದು ಗೇಣು ಉದ್ದವಾಗಿತ್ತು. ಎತ್ತಿದರೆ ಮಗು ಒಳಗೆ ಜಾರುತ್ತಿತ್ತು. ಸಾರ್ ಹೆಗಲ ಮೇಲಿನ ಟವೆಲನ್ನು ಮಡಚಿ ಅವಳ ಕಾಲ ಬಳಿ ಒತ್ತಿ ಇಟ್ಟರು.

ನನಗೆಲ್ಲಿತ್ತೋ ಸಿಟ್ಟು! ಪಾದ್ರಿಗಳ ಎದುರೇ ಹರಿಹಾಯ್ದೆ. "ಕೆಲಸ ಇಲ್ದೆ ಸ್ಟೂಲ್ ಕೂಡ ಮಾಡಲ್ಲ ಅಂತಿದ್ರಲ್ಲ! ಎರಡು ಗಂಟೇಲಿ ಇವಳಿಗೆ ಏನ್ ಕೆಲಸ ಇತ್ತು? ಹೇಳಿ ಸಾರ್!"

ಸಾರ್ ಮುಚ್ಚಳ ಎತ್ತಿ ಪೆಟ್ಟಿಗೆಯ ಮೇಲಿಟ್ಟರು. ಮುಂದಿನ ಭಾನುವಾರದಿಂದ ಪಾಠ ಹೇಳುವುದನ್ನೇ ನಿಲ್ಲಿಸಿಬಿಟ್ಟರು. ಅವರ ಬಾಯಿ ಮುಚ್ಚಿಸಿದವಳು ನಾನೇ ಎಂದು ಗೊತ್ತಿತ್ತು. ಹೋಗಿ ತಪ್ಪಾಯಿತು ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ. ನನ್ನ ಜಂಭಕ್ಕೆ ಬೆಂಕಿ ಹಾಕ.

ಕಳೆದ ವರ್ಷ ಅವರು ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದರು. ಜೀವಮಾನವೆಲ್ಲ ಮೂಗಿಗೆ ಹೋದ ಮರದ ಪುಡಿ. ನೋಡಲು ಹೋದಾಗ ಆಕ್ಸಿಜನ್ ಮಾಸ್ಕ್ ಸರಿಸಿ, "ಇನ್ನೂ ಗೊತ್ತಾಗಿಲ್ಲ ಕಣಮ್ಮ" ಎಂದರು. ಯಾವ ಮಾತೆಂದು ನಾನು ಕೇಳಬೇಕಾಗಿರಲಿಲ್ಲ.

"ಅಲ್ಲಿಗೆ ಹೋಗ್ತಿದ್ದಂಗೆ ಮೊದಲು ಅದನ್ನೇ ಕೇಳ್ತೀನಿ. ಉತ್ತರ ಕೊಡೋವರೆಗೂ ಬಿಡಲ್ಲ."

"ಅವತ್ತು ನಂದು ತಪ್ಪಾಯ್ತು ಸಾರ್."

"ನೀನ್ ಕೇಳಿದ್ದು ಸರಿಯಾಗೇ ಇತ್ತು. ಅಳತೆ ತಪ್ಪಿದ್ದು ನಂದು."

ಮೂರನೆಯ ದಿನ ಹೋಗಿಬಿಟ್ಟರು. ಅವರಿಗೆ ಬಂದದ್ದು ರೆಡಿಮೇಡ್ ಪೆಟ್ಟಿಗೆ. ಹೊರಗೆ ಥಳಥಳ ಪಾಲಿಶ್. ಒಳಗೆ ಕೈಯಾಡಿಸಿದೆ, ಬೆರಳಿಗೆ ಸಿಬಿರು ಚುಚ್ಚಿತು. ಅವರ ಶೆಡ್ಡಿಗೆ ಓಡಿ ಉಪ್ಪುಕಾಗದ ತಂದು ಉಜ್ಜತೊಡಗಿದೆ. ಬಂದವರೆಲ್ಲ ಇವಳಿಗೇನಾಯಿತು ಎಂಬಂತೆ ನೋಡುತ್ತಿದ್ದರು. ತಲೆಯ ಕಡೆ ನುಣುಪಾಯಿತು. ಕಾಲಿನ ಕಡೆಗೆ ಬರುವಷ್ಟರಲ್ಲಿ ಅವರ ಮಗ ನನ್ನ ಕೈ ಹಿಡಿದ. "ಸಾಕು ಬಿಡಿ ಅಕ್ಕ, ಫಾದರ್ ಕಾಯ್ತಿದ್ದಾರೆ."

ಸಾರ್ ಅವರನ್ನು ಒಳಗೆ ಮಲಗಿಸಿದಾಗ ನನ್ನ ದುಪಟ್ಟಾ ಮಡಚಿ ಅವರ ಕಾಲ ಕೆಳಗೆ ಇಟ್ಟೆ.