ಬೆಕ್ಕಿನ ವಾಕ್ಯದಲ್ಲಿ ತಪ್ಪಿರಲಿಲ್ಲ

ಸೀರೆ ಮಾರುವಾಗ ನನ್ನ ಅವ್ವ ಒಂದೇ ಮಾತು ಆಡುತ್ತಿದ್ದಳು. ಗಜೇಂದ್ರಗಡದ ನಮ್ಮ ಮನೆಗೆ ಬರುವ ವ್ಯಾಪಾರಿ ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು ಮೂಗು ಮುರಿಯುತ್ತಿದ್ದ. ತಪ್ಪು ಇರಲಿ ಬಿಡಲಿ, ಹುಡುಕುವುದು ಅವನ ಚಾಳಿ. ಹುಡುಕಿದರೆ ತಾನೇ ದರ ಇಳಿಯುವುದು? ಉಳಿದ ನೇಕಾರರು ಎಳೆ ಎಲ್ಲೋ ತಪ್ಪಿರಬೇಕೆಂದು ತಾವೇ ತಲೆ ತಗ್ಗಿಸುತ್ತಿದ್ದರು. ಅವ್ವ ಮಾತ್ರ ಸೆರಗನ್ನು ಅವನ ಮುಂದೆ ಪೂರಾ ಹಾಸಿ, "ತಪ್ಪಿಲ್ರಿ. ಇದ್ರ ತೋರಸ್ರಿ," ಎಂದು ಗಟ್ಟಿಯಾಗಿ ಕೂಡುತ್ತಿದ್ದಳು.

ಐವತ್ತರ ದಶಕದ ಮಾತು. ನಾನು ಮ್ಯಾಟ್ರಿಕ್ ವರ್ಗದಲ್ಲಿದ್ದೆ, ಇಡೀ ವರ್ಗಕ್ಕೆ ಒಬ್ಬಳೇ ಹುಡುಗಿ. ಇಂಗ್ಲಿಷಿನಲ್ಲಿ ಗಟ್ಟಿ ಇದ್ದವರನ್ನು ಮಾತ್ರ ಪರೀಕ್ಷೆಗೆ ಕಳಿಸುವುದಾಗಿ ಮಾಸ್ತರರು ಹೇಳಿಬಿಟ್ಟಿದ್ದರು. ಅವರು ಬೇಡವೆಂದರೆ ಮರುದಿನವೇ ಮಗ್ಗಕ್ಕೆ ಕೂಡಿಸುವುದಾಗಿ ಅಪ್ಪನೂ ಹೇಳಿದ್ದ. ಮಗ್ಗದ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಹಿಂದಿನ ಬೆಂಚಿನ ಉಡಾಳರು ಪರೀಕ್ಷೆಗೆ ಹೋಗಿ, ನಾನು ಮನೆಯಲ್ಲಿ ಕೂಡಬೇಕೆ? ನೆನೆದರೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಮಾಸ್ತರರು ಬೋರ್ಡಿನ ಮೇಲೆ ಇಂಗ್ಲಿಷ್ ನುಡಿಗಟ್ಟಿನ ವಾಕ್ಯಗಳನ್ನು ಬರೆದು, ತಪ್ಪು ಹುಡುಕಿ ತಿದ್ದಲು ಹೇಳಿದರು. ಧೋ ಎಂದು ಮಳೆ ಸುರಿಯುವುದಕ್ಕೆ 'ರೇನಿಂಗ್ ಕ್ಯಾಟ್ ಅಂಡ್ ಡಾಗ್' ಎಂದಿದ್ದಲ್ಲಿ ಬೆಕ್ಕು, ನಾಯಿ ಎರಡೂ ಬಹುವಚನವಾಗಬೇಕೆಂದು ಥಟ್ಟನೆ ಹೊಳೆಯಿತು. ಹೀಗೇ ಒಂದೊಂದನ್ನೂ ಹಿಡಿಯುತ್ತ ಹೋದೆ. ಕೊನೆಯದು 'ಹಿ ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್', ಅಂದರೆ ಅವನು ಗುಟ್ಟು ರಟ್ಟು ಮಾಡಿದ. ಹಿಂದಿನಿಂದ ನೋಡಿದೆ, ಮುಂದಿನಿಂದ ನೋಡಿದೆ. ಏನೂ ಸಿಗಲಿಲ್ಲ. ಹುಡುಗರೆಲ್ಲ ಅಲ್ಲೂ ಏನೋ ಒಂದು ತಿದ್ದಿದ್ದರು. ನಾನು ಹಾಗೇ ಬಿಟ್ಟೆ.

"ಎಲ್ಲಾರಿಗೂ ಕಂಡದ್ದು ನಿನಗ ಕಾಣಲಿಲ್ಲೇನು?" ಎಂದರು ಮಾಸ್ತರರು, ಎಲ್ಲರ ಹಾಳೆ ನೋಡಿ.

ಹುಡುಗರು ಕಿಸಕ್ಕನೆ ನಕ್ಕರು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಯಿಗೆ ಬಂದದ್ದು ಅವ್ವನ ಮಾತು.

"ತಪ್ಪಿಲ್ರಿ ಸರ್. ಇದ್ರ ತೋರಸ್ರಿ."

ಮಾಸ್ತರರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ನಕ್ಕರು. ಆ ವಾಕ್ಯವನ್ನು ಬೇಕೆಂತಲೇ ಸರಿಯಾಗಿ ಬರೆದಿದ್ದರಂತೆ. ತಪ್ಪು ಹುಡುಕಿ ಎಂದ ಕೂಡಲೇ ಇಲ್ಲದ ತಪ್ಪು ಹುಟ್ಟಿಸುವವರು ಯಾರೆಂದು ನೋಡಲಿಕ್ಕೆ. ಪರೀಕ್ಷೆಗೆ ಹೋಗುವವರಲ್ಲಿ ಮೊದಲ ಹೆಸರು ನನ್ನದೇ ಎಂದರು. ಆಗ ಆ ಉಡಾಳರ ಮುಖ ನೋಡಬೇಕಿತ್ತು! ಅಂದು ನಾನು ಮನೆಗೆ ನಡೆದು ಹೋಗಲಿಲ್ಲ, ಓಡಿದೆ.

ನಡೆದದ್ದನ್ನೆಲ್ಲ ಹೇಳಿದಾಗ ಅವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಅಪ್ಪ ಮಗ್ಗ ನಿಲ್ಲಿಸಿ ನನ್ನ ಕಡೆ ತಿರುಗಿದ.

"ನಾಳೆ ವ್ಯಾಪಾರಿ ಬರ್ತಾನ," ಎಂದ. "ಅವನ ಮುಂದ ಸೀರಿ ನೀನ ಹಾಸು. ಆಮ್ಯಾಲೆ ಸಾಲಿಗೆ ಹೋಗು."