ಎತ್ತಬಾರದ ಫೋನು

ಹುಬ್ಬಳ್ಳಿ ವಿದ್ಯಾನಗರದ ಬಾಡಿಗೆ ಮನೆಯಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಫೋನಿನ ಗಂಟೆ ಆಗುತ್ತಿತ್ತು. ಅದನ್ನು ನಾವು ಯಾರೂ ಎತ್ತುತ್ತಿರಲಿಲ್ಲ. ಮನೆಗೆ ಬಂದ ನೆಂಟರು ಕೈ ಚಾಚಿದರೆ ನಾನು ಒಲೆ ಮುಂದಿನಿಂದ ಓಡಿ ಬಂದು ತಡೆಯುತ್ತಿದ್ದೆ. ಧಾರವಾಡದ ಆಚೆ ಮುಗದ ಊರಿನಲ್ಲಿರುವ ನನ್ನ ಅಕ್ಕನ ಗಂಟೆ ಅದು, ಎತ್ತುವುದಕ್ಕಲ್ಲ, ಕೇಳುವುದಕ್ಕೆ.

ಅಕ್ಕನಿಗೆ ಕಿವಿ ಮಂದವಾದ ಮೇಲೆ ಫೋನಿನಲ್ಲಿ ಮಾತಾಡುವುದೆಂದರೆ ನಾನು ಇಲ್ಲಿ ಕೂಗುವುದು, ಅವಳು ಅಲ್ಲಿ ‘ಆಂ?’ ಅನ್ನುವುದು, ಕೊನೆಗೆ ಇಬ್ಬರಿಗೂ ಸಿಟ್ಟು ಬರುವುದು. ಅದಕ್ಕೆ ನಾನೇ ಒಂದು ಕರಾರು ಮಾಡಿದೆ. ಅವಳು ವಿಭೂತಿ ಹಚ್ಚಿಕೊಂಡು, ದೇವರ ದೀಪ ಹಚ್ಚಿ, ನನ್ನ ನಂಬರು ಒತ್ತಬೇಕು. ಆ ಕಡೆ ಗಂಟೆ ಹೋಗುತ್ತಿರುವ ಗುಂಯ್ ಸದ್ದು ಕಿವಿಗೆ ಹತ್ತಿದಂತಾದರೆ ಮನಸ್ಸಿನಲ್ಲೇ ಒಂದೆರಡು ಸಲ ಓಂ ನಮಃ ಶಿವಾಯ ಅಂದು ಇಟ್ಟುಬಿಡಬೇಕು. ಗಂಟೆ ಬಂತೆಂದರೆ ಅವಳು ಅರಾಮ. ನಾನು ಎತ್ತಲಿಲ್ಲವೆಂದರೆ ನಾನೂ ಅರಾಮ. ಎತ್ತಿದರೆ ಮಾತ್ರ ಏನೋ ಆಗಿದೆ ಎಂದರ್ಥ. ಕಂಪನಿಗೆ ಒಂದು ಪೈಸೆ ಹೋಗದೆ ಅಕ್ಕತಂಗಿಯರ ಕುಶಲ ಮುಗಿಯುತ್ತಿತ್ತು. ಇಂಥ ವ್ಯಾಪಾರ ನನಗೆ ಬಹಳ ಸೇರುತ್ತದೆ.

ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರಿ ನಾನು ಗೋಕುಲ ರಸ್ತೆಯ ಕಡೆ ಸ್ವಂತ ಮನೆ ಮಾಡಿದವಳು. ಹೇಳಿದ ದರಕ್ಕೆ ಹೂಂ ಅಂದವಳಲ್ಲ. ಮನೆ ಬದಲಿಸುವಾಗ ಎಲ್ಲರೂ ಗೋದ್ರೇಜ್ ಬೀರುವಿನ ಚಿಂತೆ ಮಾಡುತ್ತಾರೆ. ನನಗೆ ಫೋನಿನ ಚಿಂತೆ. ಹಳೆಯ ನಂಬರು ಹೊಸ ಏರಿಯಾಕ್ಕೆ ಬರುವುದಿಲ್ಲ, ಅಲ್ಲಿ ಹಳೆಯ ತಾಮ್ರದ ತಂತಿಯೇ ಇಲ್ಲ ಎಂದು ಕಚೇರಿಯವರು ಕೈ ಎತ್ತಿದರು. ಮೊಬೈಲು ಸಾಕು ಬಿಡು ಎಂದರು ನಮ್ಮ ಮನೆಯವರು. ನನ್ನ ಮೊಬೈಲು ದಿನವಿಡೀ ರೊಟ್ಟಿ ಆರ್ಡರಿಗೇ ಮೀಸಲು, ಅಕ್ಕನ ಗಂಟೆ ಅದರಲ್ಲಿ ಕಾಳಿನಲ್ಲಿ ಕಾಳಾಗಿ ಬೆರೆತುಹೋಗುತ್ತದೆ. ಅಕ್ಕನದೂ ಒಂದು ಮಾತಿತ್ತು: ಮೊಬೈಲು ಎಲ್ಲೆಲ್ಲೋ ತಿರುಗುತ್ತದೆ, ಅದಕ್ಕೆ ಬಾರಿಸಿದರೆ ಮನೆಗೆ ಬಾರಿಸಿದಂತೆ ಆಗುವುದಿಲ್ಲ.

ಕಡೆಗೆ ಫೈಬರ್ ಕಂಪನಿಯವರನ್ನು ಕರೆಸಿದೆ. ಬಂದವರು ನನ್ನ ವಯಸ್ಸಿನವರೇ, ಬಾಯಿ ಇದ್ದವರು. ಇಂಟರ್ನೆಟ್ಟಿನ ಜೊತೆ ಮನೆ ಫೋನು ಪುಕ್ಕಟೆ ಎಂದರು. ಪುಕ್ಕಟೆ ಎಂದು ತಾವಾಗಿ ಹೇಳಿದವರ ಹತ್ತಿರ ಇನ್ನೂ ಏನೋ ಇರುತ್ತದೆ. ಡಿಪಾಜಿಟ್ ಬಿಡಿಸಿದೆ, ತಂತಿ ಎಳೆಯುವ ಕೂಲಿ ಬಿಡಿಸಿದೆ, ನನ್ನ ಹಳೆಯ ಭಾರದ ಫೋನನ್ನೇ, ಒಳಗೆ ನಿಜವಾದ ಗಂಟೆ ಇರುವುದನ್ನೇ, ಇಂಟರ್ನೆಟ್ಟಿನ ಹೊಸ ಡಬ್ಬಿಗೆ ಸೇರಿಸಿಕೊಡಬೇಕೆಂದೆ.

‘ಅಕ್ಕಾರ, ಇನ್ನ ನನ್ನ ಬ್ಯಾಗ ಒಂದ ಉಳದೈತ್ರಿ,’ ಎಂದರು ಅವರು.

ನಿಮಗೂ ಹೇಳುತ್ತೇನೆ. ಮಾತೆಲ್ಲ ಗೋಡೆಗೆ ತೂತು ಕೊರೆಯುವ ಮೊದಲೇ ಮುಗಿಸಿಕೊಳ್ಳಿ. ಕೊರೆದ ಮೇಲೆ ನೀವೇ ಫೋನು ಮಾಡಿ ಅವರನ್ನು ಹುಡುಕಬೇಕಾಗುತ್ತದೆ.

ಹಾಲುಕ್ಕಿಸುವ ದಿನ ಅಕ್ಕ ಬಂದಿದ್ದಳು. ನಂಬರು ಸಿಕ್ಕಿತ್ತು, ತಂತಿ ಇನ್ನೂ ಬಂದಿರಲಿಲ್ಲ. ಖಾಲಿ ಪಡಸಾಲೆಯಲ್ಲಿ ಚಾಪೆ ಹಾಸಿ, ಎಲ್ಲಿಗೂ ಸೇರದ ಆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೊಸ ನಂಬರನ್ನು ಬೆರಳಿಗೆ ಕಲಿಸುತ್ತಿದ್ದಳು. ಪರದೆ ಇಲ್ಲದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿದು ಅವಳ ಸೀರೆಯ ಅಂಚಿಗೆ ಬಂದಿತ್ತು. ಅವಳು ಒತ್ತುವಳು, ಕಣ್ಣು ಮುಚ್ಚುವಳು, ತುಟಿ ಅಲುಗದೆ ಮಂತ್ರ ಅನ್ನುವಳು, ಇಡುವಳು. ಯಾರಿಗೂ ಹೋಗದ ಆ ಕರೆಗಳನ್ನು ನೋಡುತ್ತ ಕೂತ ನನಗೆ ಉಕ್ಕಿದ ಹಾಲಿನ ವಾಸನೆಯಲ್ಲಿ ನಿದ್ದೆ ಬಂದಂತಾಗಿತ್ತು.

ನಾವು ಇರಲು ಬರುವ ಹೊತ್ತಿಗೆ ತಂತಿ ಬಂದು ಫೋನು ಶುರುವಾಗಿತ್ತು. ಬಂದ ದಿನವೇ ಸಂಜೆ ಕರೆಂಟು ಹೋಯಿತು. ಬಿಚ್ಚದ ಸಾಮಾನಿನ ಡಬ್ಬಗಳ ನಡುವೆ ಎಣ್ಣೆ ದೀಪ ಹಚ್ಚಿ ನಾನು ಫೋನಿನ ಪಕ್ಕ ಕೂತೆ. ಹೊಸ ಸುಣ್ಣಬಣ್ಣದ ಗೋಡೆಗಳು ಆ ಬೆಳಕಿನಲ್ಲಿ ಉಸಿರಾಡುತ್ತಿರುವಂತೆ ಕಂಡವು. ಹೊರಗೆ ರಸ್ತೆಯ ಸದ್ದು ದೂರದ ನೀರಿನಂತೆ ಕೇಳುತ್ತಿತ್ತು. ಗಂಟೆ ಬರಲಿಲ್ಲ. ಎತ್ತಿ ನೋಡಿದೆ, ಸದ್ದೇ ಇಲ್ಲ. ಮೊಬೈಲಿನ ಚಾರ್ಜೂ ಇಳಿದು ಅದೂ ಮಲಗಿತ್ತು. ಕರೆಂಟು ಹೋದರೆ ಫೈಬರಿನ ಡಬ್ಬಿ ಸಾಯುತ್ತದೆ, ಡಬ್ಬಿಯ ಜೊತೆ ಫೋನೂ ಸಾಯುತ್ತದೆ ಎಂದು ಆಗ ಹೊಳೆಯಿತು. ವಿದ್ಯಾನಗರದಲ್ಲಿ ಎಷ್ಟೋ ಸಂಜೆ ಕತ್ತಲಲ್ಲೇ ಅಕ್ಕನ ಗಂಟೆ ಬಂದಿತ್ತು, ತಂತಿಯೊಳಗೇ ಅದರ ಕರೆಂಟು ಬರುತ್ತಿತ್ತು. ಅಷ್ಟೆಲ್ಲ ಬಿಡಿಸಿಕೊಂಡ ನಾನು ಈ ಒಂದು ಪ್ರಶ್ನೆ ಕೇಳಿರಲಿಲ್ಲ. ಇರಲಿ, ಗಂಟೆ ಹೋಗಲಿಲ್ಲವೆಂದು ಅಕ್ಕನಿಗೂ ತಿಳಿಯುತ್ತದೆ, ನಾಳೆ ಬಾರಿಸುತ್ತಾಳೆ ಅಂದುಕೊಂಡೆ.

ಮರುದಿನ ನಾನಿನ್ನೂ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗೇಟಿನ ಹತ್ತಿರ ಆಟೋ ನಿಂತಿತು, ಅಕ್ಕ ಇಳಿದಳು. ಕೈಯಲ್ಲೊಂದು ಬಟ್ಟೆಯ ಚೀಲ, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಮೊದಲ ಬಸ್ಸಿಗೆ ಧಾರವಾಡ ಮುಟ್ಟಿ, ಅಲ್ಲಿಂದ ಹುಬ್ಬಳ್ಳಿಗೆ ಬಂದಿದ್ದಾಳೆ. ನನ್ನ ಎರಡೂ ತೋಳು ಹಿಡಿದು ಮುಖ ನೋಡಿದಳು, ನನ್ನನ್ನು ದಾಟಿ ಒಳಗೆ ನೋಡಿದಳು.

‘ಯಾರಿಗೆ ಏನಾಗೇತಿ, ಲಗೂ ಹೇಳು.’

‘ಯಾರಿಗೂ ಏನೂ ಆಗಿಲ್ಲಕ್ಕಾ. ಎಲ್ಲಾರೂ ಅರಾಮ ಅದೇವಿ,’ ಎಂದು ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿದೆ.

‘ಹಂಗಾರ ನಿನ್ನಿ ಫೋನ ಯಾಕ ಎತ್ತಿದಿ?’

‘ನಾ ಎಲ್ಲಿ ಎತ್ತೇನಿ?’

‘ಎತ್ತೀದಿ. ಹೆಣ್ಣಮಗಳ ಧ್ವನಿ ಬಂತು. ಏನಂದಿ ತಿಳೀಲಿಲ್ಲ. ಅಂದದ್ದ ಅನ್ನಾಕತ್ತಿದ್ದಿ.’

ಆಗ ಅರ್ಥವಾಯಿತು. ಫೋನು ಸತ್ತಿದ್ದಾಗ ಕಂಪನಿಯ ಹೆಂಗಸೊಬ್ಬಳು, ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಅಂದದ್ದನ್ನೇ ಅನ್ನುತ್ತಾಳಲ್ಲ, ಅವಳ ಧ್ವನಿ ಅಕ್ಕನ ಕಿವಿಗೆ ನನ್ನದಾಗಿ ಬಿದ್ದಿತ್ತು. ಇಷ್ಟು ವರ್ಷ ಎತ್ತದ ಫೋನನ್ನು ನಾನು ಎತ್ತಿದ್ದೇನೆ ಅಂದರೆ ಅವಳು ಇನ್ನೇನು ತಿಳಿಯಬೇಕು? ಅವಳ ಮಗ ನನ್ನ ಮೊಬೈಲಿಗೆ ಹಚ್ಚಿ ನೋಡಿದನಂತೆ, ಅಲ್ಲೂ ಅದೇ ಹೆಂಗಸು. ಅದು ಕಂಪನಿಯ ಧ್ವನಿ ಎಂದು ಅವನು ಹೇಳಿದ್ದು ಅಕ್ಕನ ಕಿವಿಗೆ ಹತ್ತಲಿಲ್ಲ. ಅಕ್ಕ ಬೆಳಗಿನ ತನಕ ಮಲಗದೆ ಗೋಡೆಗೆ ಒರಗಿ ಕೂತಿದ್ದಳಂತೆ.

‘ನಾ ಅಲ್ಲಕ್ಕಾ, ಆಕಿ ಕಂಪನಿಯಾಕಿ,’ ಎಂದೆ.

‘ಯಾವಾಕಿ? ನಿನ್ನ ಮನ್ಯಾಗ ಆಕೀದೇನ ಕೆಲಸ?’

ನಗು ಬಂತು, ಆದರೆ ಅವಳು ಇನ್ನೂ ನನ್ನ ತೋಳು ಬಿಟ್ಟಿರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬೆಲ್ಲದ ಚಹಾ ಕೊಟ್ಟೆ. ಕುಡಿದು ಅಲ್ಲೇ ಚಾಪೆಯ ಮೇಲೆ ಮಲಗಿದಳು. ಅವಳು ಮಲಗಿದ್ದಾಗಲೇ ನಾನು ಕಂಪನಿಯವರನ್ನು ಕರೆಸಿ, ಡಬ್ಬಿಗೆ ಸೇರಿಸುವ ಸಣ್ಣ ಬ್ಯಾಟರಿ ತರಿಸಿದೆ. ಇಂಥದ್ದು ಸಿಗುತ್ತದೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಮನೆಗೆ ಯಾವ ಫೋನೇ ತೆಗೆದುಕೊಳ್ಳಿ, ದರ ಆಮೇಲೆ ಕೇಳಿ. ಕರೆಂಟು ಹೋದಾಗ ಏನಾಗುತ್ತದೆ ಎಂದು ಮೊದಲು ಕೇಳಿ. ಅವರು ಹೌದು ಅಂದರೂ ಸಾಲದು. ನಾನು ಮೇನ್ ಸ್ವಿಚ್ಚು ಆಫ್ ಮಾಡಿಸಿ, ಮೊಬೈಲಿನಿಂದ ಬಾರಿಸಿ ನೋಡಿದೆ.

ಫ್ಯಾನು ನಿಂತು ಮನೆ ಸುಮ್ಮನಾಗಿತ್ತು. ಆ ಮೌನದೊಳಗೆ ಗಂಟೆ ಎದ್ದಿತು. ಸಾಮಾನು ಇನ್ನೂ ಹೊಂದಿಸದ ಕೋಣೆಗಳು ಅದನ್ನು ಒಂದರಿಂದ ಒಂದಕ್ಕೆ ದಾಟಿಸಿದವು. ಅಕ್ಕ ಎಚ್ಚರಾಗಿ ನನ್ನ ಮುಖ ನೋಡಿದಳು. ನಾನು ಅವಳ ಕೈ ಹಿಡಿದು ಫೋನಿನ ಬೆನ್ನ ಮೇಲೆ ಇಟ್ಟೆ. ಗಂಟೆಯ ನಡುಕ ಅವಳ ಬೆರಳಿಗೆ, ಬಳೆಗೆ ಹತ್ತಿತು. ಅವಳು ಕಿವಿ ಬಗ್ಗಿಸಿದಳು.

‘ನಾ ಬಾರಿಸಿದ್ದ ಇಲ್ಲಿ ಹಿಂಗ ಕೇಳತೈತೇನ?’

ಹೂಂ ಎಂದು ತಲೆ ಆಡಿಸಿದೆ.

‘ಇಷ್ಟ ಜೋರ?’

ಅಷ್ಟು ವರ್ಷ ದಿನಾ ಕಳಿಸಿದ ಗಂಟೆಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಎಲ್ಲೋ ಸಣ್ಣಗೆ ಟಿಣ್ ಅನ್ನುತ್ತಿರಬಹುದು ಅಂದುಕೊಂಡಿದ್ದಳಂತೆ. ನಾನು ನಿಲ್ಲಿಸಿದೆ. ಅವಳು ಇನ್ನೊಮ್ಮೆ ಬಾರಿಸು ಎಂದು ಸನ್ನೆ ಮಾಡಿದಳು, ಬಾರಿಸಿದೆ. ಕಂಪನಿಯವರು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು.

ಆ ಧ್ವನಿ ಬಂದರೆ ನಾನಲ್ಲ ಎಂದು ತಿಳಿ, ಹೆದರಬೇಡ ಎಂದು ನಾನು ಎಷ್ಟು ಹೇಳಿದರೂ ಅಕ್ಕ ಒಪ್ಪಲಿಲ್ಲ. ‘ಧ್ವನಿ ಬಂದ್ರ ನಾ ಬಸ್ ಹತ್ತಾಕಿನ,’ ಎಂದಳು. ಚೌಕಾಸಿ ಮಾಡಿ ಅದನ್ನು ಇಳಿಸಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಮಧ್ಯಾಹ್ನ ರೊಟ್ಟಿ ಕಟ್ಟಿಸಿಕೊಂಡು ಊರಿಗೆ ಹೋದಳು. ಸಂಜೆ ನಾನು ದೀಪದ ಮುಂದೆ ಕೂತೆ. ಕಿಟಕಿಯ ಆಚೆ ಆಕಾಶ ನೇರಳೆಗೆ ತಿರುಗುತ್ತಿತ್ತು. ಗಂಟೆ ಬಂತು. ದಿನದಷ್ಟು ಆಗಿ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಏನಾಯಿತೋ ಎಂದು ನನ್ನ ಕೈ ಫೋನಿನವರೆಗೆ ಹೋಯಿತು. ಎತ್ತಿದರೆ ಅವಳು ಮತ್ತೆ ಬಸ್ಸು ಹತ್ತುತ್ತಾಳೆ. ಕೈಯನ್ನು ಅದರ ಬೆನ್ನ ಮೇಲೆ ಹಾಗೇ ಇಟ್ಟುಕೊಂಡು ಕೂತೆ. ಗಂಟೆ ಆಗುತ್ತಲೇ ಇತ್ತು, ಕೋಣೆಯಿಂದ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಅಕ್ಕ ಫೋನು ಇಡದೆ, ಕಣ್ಣು ಮುಚ್ಚಿ, ಈಗ ತಾನು ಕೇಳಿ ಬಂದ ಸದ್ದನ್ನು ಇಲ್ಲಿ ತುಂಬಿಸುತ್ತಿದ್ದಳು.