ಅಕ್ಕನಿಗಿಂತ ಮೊದಲು ಮನೆ ಮುಟ್ಟಿದೆ

ಬೆಳಗಿನ ಐದೂವರೆಗೆ ಹುಬ್ಬಳ್ಳಿಯಿಂದ ಭಾವನ ಫೋನ್ ಬಂತು. "ನಿಮ್ಮಕ್ಕ ತೀರಿಕೊಂಡಳು" ಎಂದರು. ರಾತ್ರಿ ಎದೆ ಉರಿ ಎಂದವಳನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ. "ನೀ ಸೀದಾ ಮನೀಗೇ ಬಾ. ಸಂಜೀತನಕ ಕಾಯತೇವಿ." ಮತ್ತೆ ನಾನು ಫೋನ್ ಮಾಡಿದರೆ ಸ್ವಿಚ್ ಆಫ್.

ಆಗ ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕಿದ್ದೆ. ಚಂದಾಪುರದಲ್ಲಿ ಬಾಡಿಗೆ ಕೋಣೆ. ಹನ್ನೊಂದು ವರ್ಷದಿಂದ ಊರೆಂದರೆ ನನಗೆ ಒಂದಿಡೀ ರಾತ್ರಿಯ ಬಸ್ಸು. ನನ್ನ ಅಳು ಕೇಳಿ ಮನೆಯ ಓನರ್ ಆಂಟಿ ಇಳಿದು ಬಂದರು. ಅವರ ಮಗಳು ಮೊಬೈಲಿನಲ್ಲಿ ವಿಮಾನ ಹುಡುಕಿದಳು.

"ಹುಬ್ಬಳ್ಳಿಗೆ ಒಂದ್ ಗಂಟೆ ಐದ್ ನಿಮಿಷ ಅಂತ ತೋರಿಸ್ತಾ ಐತೆ."

"ಸರ್ಯಾಗ್ ನೋಡಮ್ಮಿ," ಎಂದರು ಆಂಟಿ. "ಒಂದ್ ಗಂಟೇಲಿ ಇಲ್ಲಿಂದ ಮೆಜೆಸ್ಟಿಕ್‌ಗೂ ಓಗಕ್ಕಾಗಲ್ಲ."

ಮಗಳು ಸರಿಯಾಗಿಯೇ ನೋಡಿದ್ದಳು. ಆಂಟಿ ಉಟ್ಟ ಸೀರೆಯಲ್ಲೇ ನನ್ನ ಜೊತೆ ಕಾರು ಹತ್ತಿ ಏರ್‌ಪೋರ್ಟಿನ ಬಾಗಿಲತನಕ ಬಂದರು. ಆ ದಾರಿಗೇ ಎರಡು ಗಂಟೆ ಹಿಡಿಯಿತು.

ಅದು ನನ್ನ ಮೊದಲ ವಿಮಾನ. ಬೆಲ್ಟ್ ಬಿಚ್ಚಬಹುದು ಎಂದರು. ಕೊಟ್ಟ ನೀರು ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಕಟ್ಟಿಕೊಳ್ಳಿ ಎಂದರು.

"ಅಣ್ಣಾರ, ಬಂದೇ ಬಿಡ್ತೇನ್ರಿ?" ಎಂದು ಪಕ್ಕದವರನ್ನು ಕೇಳಿದೆ.

"ಹೌದ್ರಿ, ಇಳಿಯಾಕತ್ತೇತಿ."

ಹೋದ ದೀಪಾವಳಿಗೆ ಅಕ್ಕ ಕರೆದಿದ್ದಳು. ಒಂದು ದಿನದ ರಜೆಗೆ ಅಷ್ಟು ದೂರ ಹೆಂಗ ಬರಲಿ ಎಂದಿದ್ದೆ. ಆ ದೂರ ಇಷ್ಟೇ ಇತ್ತು. ಅವಳ ಮುಖ ನೋಡಲು ನನ್ನ ಮನಸ್ಸಿನ್ನೂ ಚಂದಾಪುರದಿಂದಲೇ ಹೊರಟಿರಲಿಲ್ಲ.

ಆಟೊ ಹಿಡಿದು ಹದಿನೈದೇ ನಿಮಿಷಕ್ಕೆ ಅಕ್ಕನ ಮನೆ ಮುಂದೆ ಇಳಿದೆ. ಜನರಿಲ್ಲ. ಬಾಗಿಲಿಗೆ ಕೀಲಿ. ತಂತಿಯ ಮೇಲೆ ಅವಳ ಸೀರೆ ಒಣಗುತ್ತಿತ್ತು. ಪಕ್ಕದ ಮನೆಯ ಕಾಕಿ ನಗುತ್ತಾ ಹೊರಗೆ ಬಂದರು.

"ಯವ್ವಾ, ಯಾವಾಗ ಬಂದಿ? ನಿಮ್ಮಕ್ಕ ದವಾಖಾನಿಗೆ ಹೋಗ್ಯಾಳ. ಗ್ಯಾಸ್ ಆಗಿತ್ತಂತ ಕಾಣತೈತಿ. ಬರತಾಳ ಕುಂದ್ರು, ಚಾ ಮಾಡತೇನಿ."

ನಾನು ಕುಳಿತೆ. ಒಂದು ಗೋಡೆಯಾಚೆ ಇದ್ದವರಿಗೆ ಸುದ್ದಿ ಇಲ್ಲ. ಅದನ್ನು ಚಂದಾಪುರದಿಂದ ಹೊತ್ತು ತಂದವಳು ನಾನು. ಕಾಕಿ ಕೈಗಿಟ್ಟ ಚಹಾವನ್ನು ಒಂದು ಗುಟುಕು ಕುಡಿದೆ ಕೂಡ. ಆಮೇಲೆ ಹೇಳಿದೆ.

"ಅಕ್ಕ ಬರಂಗಿಲ್ಲ ಕಾಕಿ. ಮುಂಜಾನೆ ತೀರಿಕೊಂಡಾಳ."

"ಏನರ ಮಾತಾಡಬ್ಯಾಡ," ಎಂದು ಗದರಿದರು. "ಬೆಂಗಳೂರಾಗ ಇದ್ದಾಕಿ ನಿನಗ ಹೆಂಗ ಗೊತ್ತು? ಬಾಜೂಕ ಇದ್ದಾಕಿ ನನಗ ಗೊತ್ತಿಲ್ಲ."

ಭಾವ ಫೋನ್ ಮಾಡಿದ್ದರು ಎಂದೆ. ಕಾಕಿ ಒಳಗೆ ಹೋಗಿ ಒಲೆ ಆರಿಸಿ ಬಂದರು. ಕಸಬರಿಗೆ ತಂದು ಅಕ್ಕನ ಅಂಗಳ ಗುಡಿಸತೊಡಗಿದರು. ನಾನು ನೀರು ಹಾಕಿದೆ.

ಆಂಬುಲೆನ್ಸ್ ಬಂದಾಗ ಸುಮಾರು ಹನ್ನೆರಡು. ಇಳಿದ ಭಾವ ನನ್ನನ್ನು ಕಂಡು ನಿಂತಲ್ಲೇ ನಿಂತರು.

"ಇಷ್ಟು ಲಗೂ ಹೆಂಗ ಬಂದಿ?"

ಗಾಡಿಯ ಹಿಂಬಾಗಿಲಿಗೆ ಹೋಗಿ, ಅಕ್ಕನನ್ನು ಇಳಿಸಲು ನಾನೂ ಕೈ ಜೋಡಿಸಿದೆ.